ಕತ್ತಿನೊಳಗಿನ ನಾಲ್ಕು ಪೈಪು

ಸ್ಕ್ಯಾನಿಂಗ್ ಕೋಣೆಯ ಹೊರಗೆ ಸರದಿಗೆ ಕಾಯುತ್ತಿದ್ದ ದರ್ಜಿ ಪಕ್ಕದವರ ಮಾತಿಗೆ ಕಿವಿಗೊಡಬಾರದೆಂದೇ ಕೂತಿದ್ದ. ಆದರೆ ನಲ್ಲಿ ಕೆಲಸದವನೊಬ್ಬ ಫೈಲಿನ ರಟ್ಟಿನ ಮೇಲೆ ಪೈಪುಗಳ ಚಿತ್ರ ಬರೆದು ಅತ್ತಿಗೆಗೆ ತೋರಿಸತೊಡಗಿದಾಗ ಕಣ್ಣೂ ಕಿವಿಯೂ ಅತ್ತಲೇ ಹೋದವು.

"ನೋಡಿ ಅತ್ತಿಗೆ, ಕತ್ತಲ್ಲಿ ತಲೆಗೆ ರಕ್ತ ಹೋಗೋ ನಾಲ್ಕು ಪೈಪು. ಮುಂದೆ ಎರಡು ದಪ್ಪ, ಹಿಂದೆ ಎರಡು ಸಣ್ಣ. ಮೇಲೆ ಹೋಗಿ ನಾಲ್ಕೂ ಬಳೆ ಥರ ಸೇರ್ಕೊಳ್ತವೆ."

"ಮುಂದೆ ಎಡಗಡೇದು ಪೂರ್ತಿ ಕಟ್ಟಿದೆಯಂತೆ. ಅದನ್ನ ಬಿಡಿಸೋದೂ ಇಲ್ವಂತೆ. ಡಾಕ್ಟ್ರು ಕೈಬಿಟ್ರು ಅಂತ ತಾನೆ ಅರ್ಥ?"

"ಅಲ್ಲ. ಉಳಿದ ಮೂರರಿಂದ ಬಳೆ ತುಂಬ್ತಾ ಇದೆ. ಅದಕ್ಕೇ ಅಣ್ಣ ಉಳ್ಕೊಂಡಿರೋದು."

"ಮತ್ತೆ ಬಲಗೈ ಯಾಕೆ ಏಳ್ತಿಲ್ಲ? ಮಾತು ಯಾಕೆ ಬರ್ತಿಲ್ಲ?"

ಅವನು ಬಳೆಯ ಮೇಲೆ ಪೆನ್ನಿಟ್ಟ. "ಬಲಗೈ, ಮಾತು ಎರಡನ್ನೂ ನಡೆಸೋದು ಮೆದುಳಿನ ಎಡಗಡೆ. ಬಳೆ ದಾಟಿದ ಮೇಲೆ ಆ ಕಡೆಗೆ ದೊಡ್ಡ ಪೈಪು ಒಂದೇ. ರಕ್ತ ಹೆಪ್ಪುಗಟ್ಟಿ ಅದರಲ್ಲೂ ಸಿಕ್ಕಿಕೊಂಡಿದೆ."

"ಕರೆದ್ರೆ ಸುಮ್ನೆ ನೋಡ್ತಾರೆ. ನಾವು ಯಾರು ಅಂತಾದ್ರೂ ಗೊತ್ತಾಗ್ತಿದೆಯೋ ಇಲ್ವೋ."

ಅವನು ಪೆನ್ನನ್ನು ಜೇಬಿಗೆ ಸಿಕ್ಕಿಸಿದ. "ಕೆಲಸದಲ್ಲಿ ಅಣ್ಣ ಮಹಡಿ ಮೇಲೆ, ನಾನು ಕೆಳಗೆ. ಕೂಗಿದ್ರೆ ಕೇಳಲ್ಲ, ಪೈಪಿಗೆ ಬಡೀತೀವಿ. ಒಂದು ಸಲ ಬಡಿದ್ರೆ 'ಇದ್ದೀಯಾ' ಅಂತ. ಎರಡು ಸಲ ಬಡಿದ್ರೆ 'ಇದ್ದೀನಿ' ಅಂತ."

ಬಾಗಿಲು ತೆರೆದು ಸ್ಟ್ರೆಚರ್ ಹೊರಬಂತು. ಜೊತೆಯಲ್ಲೇ ನಡೆಯುತ್ತ ಅವನು ಬೀಗದ ಕೈಯಿಂದ ಅದರ ಕಂಬಿಗೆ ಒಮ್ಮೆ ಬಡಿದ. ಮಲಗಿದ್ದವನು ಅಲುಗಲಿಲ್ಲ.

ಮೂವರೂ ಲಿಫ್ಟಿನೊಳಗೆ ಹೋದರು. ಬಾಗಿಲು ಮುಚ್ಚಿಕೊಳ್ಳತೊಡಗಿದಾಗ ಮಲಗಿದ್ದವನ ಎಡಗೈಯ ಗೆಣ್ಣೊಂದು ಕಂಬಿಗೆ ತಾಗಿದ ಸದ್ದು ದರ್ಜಿಗೆ ಕೇಳಿಸಿತು. ಅವನು ಲಿಫ್ಟಿನತ್ತ ಕಿವಿಗೊಟ್ಟ.

ತಡವಾಗಿ, ಬಹಳ ಮೆಲ್ಲಗೆ, ಇನ್ನೊಂದು.