ಆಲದ ಗಿಡದ ಭೋಂಗಾ

ಕಂದೀಲು ಸಣ್ಣದು ಮಾಡ್ರಿ... ಇದು ನಮ್ಮ ದೊಡ್ಡಪ್ಪನ ಮಗ ವಿಠೋಬಣ್ಣನ ಕಣ್ಣಮುಂದ ನಡದದ್ದು. ಎಪ್ಪತ್ನಾಕನೇ ಇಸವಿ.

ಅಮಾಸಿ ರಾತ್ರಿ ಸೋನ್ಯಾಳದಿಂದ ಸನಮಡಿಗೆ ಒಬ್ಬನ ನಡಕೋತ ಹೊಂಟಿದ್ದ. ಹಾಳಬಾವಿ ದಾಟಿ ಆಲದ ಗಿಡದ ಹಂತೇಕ ಬಂದಾನ... ಧುಮ್. ಧುಮ್. ಧುಮಧುಮ್. ಗಿಡಕ್ಕ ಕಟ್ಟಿದ ಭೋಂಗಾದಾಗ, ಅಂದ್ರ ಮೈಕಿನ ತುತ್ತೂರಿಯೊಳಗ, ಡೊಳ್ಳು.

ಭೋಂಗಾ ಶಿವಯೋಗೆಪ್ಪನ ಹೋಟೆಲಿಂದು. ಗಿರಾಕಿ ಇನ್ನೊಂದು ಪ್ಲೇಟು ಭಜಿ ತಿನ್ನಲಿ ಅಂತ ಇಡೀ ದಿನ ಟೇಪ್ ಹಚ್ಚಾಂವ. ಅದರ ಹಿಂದಿನ ವರ್ಷ ಬೀರದೇವರ ಗುಡಿಯೊಳಗ ಡೊಳ್ಳಿನಾಂವ ಅಮಸಿದ್ದ ಬಾರಿಸಿದ್ದನ್ನ ಕದ್ದು ಟೇಪ್ ಮಾಡಿದ್ದ. ಅದು ದೇವರು ಮೈಯಾಗ ಬರೂ ಡೊಳ್ಳಿನ ಬಡತ. ಉಪಾಸ ಇದ್ದು, ಚಪ್ಪಲಿ ಬಿಟ್ಟು ಕೇಳೂವಂಥಾದ್ದು. ಈ ಪುಣ್ಯಾತ್ಮ ಅದನ್ನ ಭಜಿಗೆ ಮೆಣಸಿನಕಾಯಿ ಇಟ್ಟಂಗ ಇಟ್ಟ.

ಆ ಅಮಾಸಿಗೆ ಮೊದಲ ಒಂದು ಮಧ್ಯಾಹ್ನ ಅಮಸಿದ್ದ ಹೋಟೆಲಿನ ಹಿತ್ತಲದ ಒಲಿ ಹಂತೇಕ ಬಂದು ಕೈ ಮುಗದ.

"ಬಂದ್ ಮಾಡ್ರಿ ಸಾವ್ಕಾರ. ದೇವ್ರು ಎದ್ರ ಕುಂದ್ರಸಾವ್ರು ಯಾರು?"

ಶಿವಯೋಗೆಪ್ಪ ಎಣ್ಣಿಯಾಗಿಂದ ಭಜಿ ಎತ್ತೂ ಕಬ್ಬಿಣದ ಝಾರಾ ಎತ್ತಿ ತಲಿಗೆ ಹೊಡದ. ಅಮಸಿದ್ದ ಅಲ್ಲೇ ಸತ್ತ. ಮುಂದ ಕುಂತ ಗಿರಾಕಿಗೆ ಡೊಳ್ಳಿನ ಗದ್ದಲದಾಗ ಏನೂ ಕೇಳಲಿಲ್ಲ. ಕಾಲು ಜಾರಿ ಬಿದ್ದ ಅಂತ ಊರು ನಂಬಿತು. ಕೈ ತೊಳಿಯಾಕ ಹಿತ್ತಲಕ್ಕ ಹೋಗಿದ್ದ ವಿಠೋಬಣ್ಣ ಒಬ್ಬನ ಇದನ್ನ ನೋಡಿದ್ದ. ಅಂಜಿ ಬಾಯಿ ಬಿಡಲಿಲ್ಲ. ನನಗ ಇವತ್ತಿಗೂ ಅದರದ ಸಿಟ್ಟು.

ಆ ಅಮಾಸಿ ರಾತ್ರಿ ಗಿಡದ ಬುಡದಾಗಿನ ಹೋಟೆಲಿನ ಬಾಗಲಾ ತೆರದಿತ್ತು. ಒಳಗ ಶಿವಯೋಗೆಪ್ಪ ಕುಣೀತಿದ್ದ... ಬಡತಕ್ಕೊಮ್ಮೆ ಝಾರಾದಿಂದ ತನ್ನ ಹಣಿ ತಾನ ಚಚ್ಚಿಕೋತ. ಠಣ್. ಠಣ್. ಮಾರಿ ತುಂಬ ರಕ್ತ, ಒಂದು ಕಣ್ಣು ಕಾಣವಲ್ದು.

"ವಿಠೋಬ... ಬಂದ್ ಮಾಡೋ..." ಪಿಸುಗುಟ್ಟಿದ.

ವಿಠೋಬಣ್ಣ ಟೇಪಿಗೆ ಕೈ ಹಾಕಿದ. ವಾಯರು ಬರೇ ಜೋತಾಡ್ತಿದ್ವು. ಬ್ಯಾಟರಿ ಮುಂಜಾನೆನ ಚಾರ್ಜ್ ಮಾಡಾಕ ಜತ್ತ ಪ್ಯಾಟಿಗೆ ಹೋಗಿತ್ತು.

ಧುಮ್. ಠಣ್. ಧುಮ್. ಠಣ್.

ಕಡೀಕ ವಿಠೋಬಣ್ಣ ಭೋಂಗಾದ ಕಡೆ ಮಾರಿ ಎತ್ತಿ ಅಂದ... "ಅಮಸಿದ್ದ, ನಾ ನೋಡೇನಿ. ನಾಳೆ ಹೇಳ್ತೀನಿ."

ಡೊಳ್ಳು ನಿಂತಿತು. ಶಿವಯೋಗೆಪ್ಪ ಬಿದ್ದ. ಉಸರಿರಲಿಲ್ಲ.

ಮುಂಜಾನೆ ಪೊಲೀಸ್ ಫೌಜದಾರ ಬಂದ. ವಿಠೋಬಣ್ಣ ಎಲ್ಲಾ ಹೇಳಿದ, ಎಷ್ಟು ಏಟು ಹೊಡದ ಅಂಬೂದೊಂದು ಬಿಟ್ಟು. ಬ್ಯಾಟರಿ ತರಿಸಿ ಟೇಪ್ ಹಚ್ಚಿದ್ರು. ಸುಳ್ಳಂದ್ರ ನನ್ನ ನಾಲಿಗಿ ಸೇದಿಹೋಗಲಿ, ನಾನೂ ಅಲ್ಲೇ ನಿಂತು ಕೇಳೀನಿ. ಟೇಪ್ ಮಾಡಿದ್ದು ಅಮಸಿದ್ದ ಜೀವಂತ ಇದ್ದಾಗ, ದೇವರ ಗುಡಿಯೊಳಗ. ಅದರಾಗ ಡೊಳ್ಳಿನ ನಡುವ ಕಬ್ಬಿಣದ ಸಪ್ಪಳ ಬಂತು. ಠಣ್... ಠಣ್... ಠಣ್.

ವಿಠೋಬಣ್ಣ ನನ್ನ ಕೈ ಗಟ್ಟಿ ಹಿಡದು ಮೆಲ್ಲಕ ಅಂದ, "ಅಮಸಿದ್ದಗ ಮೂರ ಹೊಡದಿದ್ದ."