ಎತ್ತೋದೊಂದೇ ಕಲಿಸು

ನಿನ್ನ ಪಟ್ಟೀಲಿ ಅದು ಬೇಡ ಅಂತ ಆಗಲೇ ಹೇಳಿದ್ನಲ್ಲಮ್ಮ. ತಲೆ ಮೇಲಕ್ಕೆ ಎತ್ತೋದು ನನಗ್ಯಾಕೆ? ಅಟ್ಟದ ಮೇಲಿಡೋ ಅಂಥದ್ದು ನಮ್ಮನೇಲಿ ಏನೂ ಇಲ್ಲ. ಹೊಡೆದುಹಾಕು. ಈ ಬೆಂಚಿನ ಮೇಲೆ ಅಂಗಾತ ಮಲಗಿ ತಳ್ಳೋದು... ಅದನ್ನೂ ಹೊಡೆದುಹಾಕು. ಇದೊಂದಿರಲಿ, ಬಗ್ಗಿ ಕೆಳಗಿಂದ ಎತ್ತೋದು. ಸೋಮವಾರ ಇದು, ಮಂಗಳವಾರ ಇದು, ವಾರಪೂರ್ತಿ ಇದನ್ನೇ ಬರಿ. ಎತ್ತೋದೊಂದೇ ಕಲಿಸು, ಸಾಕು.

ಯಾಕೆ ನಗ್ತೀಯ? ನಗು, ನಗು. ಈ ವಯಸ್ಸಲ್ಲಿ ಹವಾಯಿ ಚಪ್ಪಲಿ ಹಾಕ್ಕೊಂಡು ಜಿಮ್ಮಿನ ಮೆಟ್ಟಿಲು ಹತ್ತಿದವಳನ್ನ ನೋಡಿದ್ರೆ ಯಾರಿಗಾದ್ರೂ ನಗು ಬರುತ್ತೆ. ಕೆಳಗಡೆ ಟೈರ್ ಅಂಗಡಿಯವನೂ ನಕ್ಕ. ಮಗಳನ್ನ ಕರ್ಕೊಂಡು ಹೋಗೋಕೆ ಬಂದ್ರಾ ಅಂತ ಕೇಳಿದ. ಹೂಂ ಅಂದೆ. ಅವನ ಹತ್ರ ಏನು ನನ್ನ ಪುರಾಣ.

ಇಲ್ಲ, ನೀನು ಹೇಳಿದ್ದೆಲ್ಲ ಕೇಳಿಸ್ಕೊಂಡೆ. ಕಿವಿ ಚೆನ್ನಾಗೇ ಇದೆ. ಹೊಸಬರಿಗೆ ವಾರಕ್ಕೆ ಮೂರು ದಿನ, ಆ ಮೂರು ದಿನಾನೂ ಇಡೀ ಮೈಗೆ ಕೆಲಸ, ತೂಕ ಕಮ್ಮಿ, ನಡುವೆ ವಿಶ್ರಾಂತಿ. ಮೈ ಬಲಿಯೋದು ವಿಶ್ರಾಂತೀಲಂತೆ! ಹಾಗಿದ್ರೆ ನಮ್ಮಂಥವರಿಗೆ ಈ ಜನ್ಮದಲ್ಲಿ ಬಲಿಯಲ್ಲ ಬಿಡು. ನಮ್ಮ ಹಾಸ್ಟೆಲ್ ಹುಡುಗೀರು ಫೋನಲ್ಲಿ ತೋರಿಸಿದ್ದು ಬೇರೆ ಥರ ಇತ್ತು. ಒಂದಿನ ಕಾಲು, ಒಂದಿನ ಬೆನ್ನು, ಒಂದಿನ ತೋಳು... ಮೈಯನ್ನ ಪಾಲು ಹಂಚಿದ ಹಾಗೆ. ಯಾವುದು ಒಳ್ಳೇದು ಅಂತ ಆಗಲಿಂದ ತಲೆ ಕೆಡಿಸ್ಕೊಂಡಿದೀನಿ. ಕೊನೆಗೆ ಅನ್ನಿಸ್ತು, ಎರಡೂ ಬೇಡ. ನಾನು ಎತ್ತಬೇಕಾಗಿರೋದು ಬೆಳಿಗ್ಗೆ ಒಂದ್ಸಲ, ಸಾಯಂಕಾಲ ಒಂದ್ಸಲ. ಅದಕ್ಕೆ ಭಾನುವಾರಾನೂ ರಜ ಇಲ್ಲ.

ಏನನ್ನ ಅಂದ್ರೆ? ಮೂಟೆ. ಮೂಟೆ ಕಣಮ್ಮ. ಹಾಸ್ಟೆಲ್ ಅಡುಗೆಮನೇಲಿ ಕೆಲಸ ಅಂದ್ನಲ್ಲ. ಹಿಟ್ಟಿನ ಮೂಟೆ ಬರುತ್ತೆ, ಎತ್ತಬೇಕು. ನೆಲ ಅಂದ್ರೆ ಪೂರ್ತಿ ನೆಲ ಅಲ್ಲ, ಇಷ್ಟು, ಮಂಡಿಯಷ್ಟು ಎತ್ತರದಿಂದ. ಎತ್ತಿ, ಹೀಗೆ ಸ್ವಲ್ಪ ತಿರುಗಿ, ನಿಧಾನಕ್ಕೆ ಕುರ್ಚಿ ಮೇಲೆ ಕೂರಿಸಬೇಕು. ತಲೆ ಹಿಂದಕ್ಕೆ ಬೀಳದ ಹಾಗೆ ಕೈ ಕೊಡಬೇಕು...

ಏನು ಹಾಗೆ ನೋಡ್ತೀಯ?

ಸರಿ ಬಿಡು. ನಿನ್ನ ಹತ್ರ ಸುಳ್ಳು ಹೇಳಿ ನನಗೇನು ಬರಬೇಕಾಗಿದೆ. ಗಂಡ. ನಮ್ಮನೆಯವರು. ಲಕ್ವ ಹೊಡೀತು. ಬಲಗಡೆ ಪೂರ್ತಿ ಹೋಗಿದೆ, ಮಾತೂ ಹೋಗಿದೆ. ಎಡಗೈ ಮಾತ್ರ ಚೆನ್ನಾಗಿದೆ. ಟಿವಿ ರಿಮೋಟು ಒತ್ತುತ್ತಾರೆ, ನಾನು ಕೊಟ್ಟ ತಟ್ಟೆ ಬೇಡ ಅಂದ್ರೆ ತಳ್ತಾರೆ, ಗೋಡೆ ಕಡೆ ತಿರುಗಬೇಕು ಅಂದ್ರೆ ಅದರಿಂದಲೇ ಎಳ್ಕೊಂಡು ತಿರುಗ್ತಾರೆ. ಅಯ್ಯೋ ಪಾಪ ಅನ್ನಬೇಡ. ಊರೋರೆಲ್ಲ ಅಂದು ಅಂದು ನನಗೆ ಆ ಮಾತು ಕೇಳಿದ್ರೆ ಮೈಯೆಲ್ಲ ಉರಿಯುತ್ತೆ. ಪಾಪ ಯಾರು, ಮಲಗಿರೋರಾ, ಎದ್ದು ಓಡಾಡ್ತಿರೋಳಾ?

ಈಗ ಯಾರು ಎತ್ತೋದು ಅಂತೀಯಾ? ಜನ ಇಟ್ಕೊಂಡಿದೀನಿ. ಹೋಮ್ ನರ್ಸ್. ಗಂಡಸು. ಒಳ್ಳೇ ಗಟ್ಟಿಮುಟ್ಟಾದ ಆಳು, ನಿಮ್ಮ ಈ ಗೋಡೆ ಮೇಲೆ ಪೋಸ್ಟರ್ ಅಂಟಿಸಿದೀರಲ್ಲ, ಆ ಥರ. ಒಂದೇ ಪಟ್ಟಿಗೆ ಎತ್ತಿ ಕೂರಿಸ್ತಾನೆ. ಆದ್ರೆ ಬಿಡಿಸಬೇಕು ಅಂತಿದೀನಿ. ಕೆಲಸದಲ್ಲಿ ಏನೂ ತಪ್ಪಿಲ್ಲ, ನನಗೆ ಸರಿಬರ್ತಿಲ್ಲ ಅಷ್ಟೆ. ಬಂದ ಕೂಡಲೇ ನಮ್ಮ ಕನ್ನಡಿ ಮುಂದೆ ನಿಂತು, ಹೇರ್‌ಪಿನ್ನು ಬಾಯಲ್ಲಿ ಕಚ್ಕೊಂಡು, ಕೂದಲು ಎತ್ತಿ ಗಂಟು ಕಟ್ಟೋದೇನು, ತನ್ನ ಸ್ವಂತ ಮನೆ ಥರ... ನನ್ನ ಕನ್ನಡಿ ಅದು, ನನ್ನ ಸಂಬಳದಲ್ಲಿ ತಗೊಂಡಿದ್ದು...

...

ಹೌದು. ಹೆಂಗಸು. ಸುಮ್ಮನೆ ಕೂತ್ಕೊಂಡು ಎಲ್ಲಾ ಬಾಯಿ ಬಿಡಿಸ್ತೀಯಲ್ಲ, ಜಿಮ್ಮು ಬಿಟ್ಟು ಪೊಲೀಸಿಗೆ ಸೇರಬೇಕಾಗಿತ್ತು ನೀನು. ಹೆಂಗಸು, ನರ್ಸೂ ಅಲ್ಲ. ಶರ್ಟಿನ ಕಾರ್ಖಾನೇಲಿ ಗುಂಡಿ ಹಚ್ಚೋಳು. ಇವರು ಅಲ್ಲೇ ಕಟಿಂಗ್ ಮಾಸ್ಟರ್ ಆಗಿದ್ರು. ಇನ್ನು ಬಿಡಿಸಿ ಹೇಳಬೇಕಾ? ಕಾರ್ಖಾನೆಗೆಲ್ಲ ಗೊತ್ತಿತ್ತು. ನನಗೂ ಗೊತ್ತಿತ್ತು. ನನಗೆ ಗೊತ್ತು ಅಂತ ಅವರಿಗೂ ಗೊತ್ತಿತ್ತು. ಆದ್ರೂ ಮನೇಲಿ ಯಾರೂ ಯಾವತ್ತೂ ಜೋರು ದನಿ ಮಾಡ್ಲಿಲ್ಲ. ಅವರು ತಡವಾಗಿ ಬರೋರು, ನಾನು ಊಟ ಮುಚ್ಚಿಡ್ತಿದ್ದೆ. ಹಾಗೇ ಮಕ್ಕಳೂ ಬೆಳೆದು ಬೇರೆ ಊರು ಸೇರಿದ್ರು.

ಮನೆಯೊಳಗೆ ಕಾಲಿಟ್ಟಿರಲಿಲ್ಲ ಅವಳು. ಅದೊಂದು ಇತ್ತು. ಆ ಹೊಸ್ತಿಲೊಂದು ನಂದಾಗಿತ್ತು.

ಆಸ್ಪತ್ರೆಯಿಂದ ಕರ್ಕೊಂಡು ಬಂದ ಮಾರನೇ ದಿನ. ಬೆಳಿಗ್ಗೆಯಿಂದ ಒದ್ದಾಡಿದೀನಿ. ಹಾಸಿಗೆ ಒದ್ದೆ, ಇವರು ಮಂಚಕ್ಕೂ ಗೋಡೆಗೂ ನಡುವೆ ಸಿಕ್ಕಿಹಾಕ್ಕೊಂಡಿದಾರೆ, ನನ್ನ ಕೈಲಿ ಅಲ್ಲಾಡಿಸೋಕೂ ಆಗ್ತಿಲ್ಲ. ಪಕ್ಕದ ಮನೆಯವರನ್ನ ಕರೆದೆ, ಅವರಿಗೆ ಸೊಂಟ ನೋವು. ಆಗ ಬಾಗಿಲು ತಟ್ಟಿದ ಸದ್ದಾಯ್ತು. ತೆಗೆದು ನೋಡಿದ್ರೆ ಅವಳು, ಕೈಲೊಂದು ಬ್ರೆಡ್ ಪೊಟ್ಟಣ ಹಿಡ್ಕೊಂಡು. "ಅಕ್ಕಾ, ನಾನೊಂದ್ಸಲ ನೋಡ್ಲಾ?" ಅಂದ್ಲು. ಅಕ್ಕ ಅಂತೆ! ಮುಖಕ್ಕೆ ಬಾಗಿಲು ಹಾಕಬೇಕಿತ್ತು. ಒಳಗೆ ಅವರು ಒದ್ದೇಲಿ ಮಲಗಿದಾರೆ, ಹೇಗೆ ಹಾಕ್ಲಿ ಹೇಳು? ಪಕ್ಕಕ್ಕೆ ಸರಿದೆ. ಆವತ್ತಿನಿಂದ ಬೆಳಿಗ್ಗೆ ಕೆಲಸಕ್ಕೆ ಹೋಗ್ತಾ ಬರ್ತಾಳೆ, ಸಾಯಂಕಾಲ ಕೆಲಸ ಬಿಟ್ಟು ಬರ್ತಾಳೆ. ಬಾಗಿಲು ತೆಗೆಯೋದು ನಾನು. ಟೀ ಮಾಡಿ ಕೊಡೋದೂ ನಾನೇ! ಅವಳು ಲೋಟ ತೊಳೆದು ಬೋರಲು ಹಾಕಿ ಹೋಗ್ತಾಳೆ, ಅದಕ್ಕೂ ನನಗೆ ಹೊಟ್ಟೆ ಉರಿಯುತ್ತೆ. ಕೊಳಕಾಗಿ ಬಿಟ್ಟು ಹೋಗಿದ್ರೆ ಬಯ್ಕೊಳ್ಳೋಕಾದ್ರೂ ಆಗ್ತಿತ್ತು.

ಈಗ ಅರ್ಥ ಆಯ್ತಾ, ಯಾಕೆ ಬಂದೆ ಅಂತ? ತೂಕ ಇಳಿಸೋಕೂ ಅಲ್ಲ, ಮಂಡಿ ನೋವಿಗೂ ಅಲ್ಲ. ನನ್ನ ಕೈಲಿ ಅವರನ್ನ ಎತ್ತಿ ಕೂರಿಸೋ ಹಾಗಾಗಬೇಕು. ಆದ ದಿನ ಅವಳಿಗೆ ಒಂದೇ ಮಾತು ಹೇಳ್ತೀನಿ. ನಾಳೆಯಿಂದ ಬರಬೇಡ ಕಣೆ. ಅಷ್ಟೇ. ಪಾತ್ರೆ ಉಜ್ಜುವಾಗ ಹೇಳಿ ಹೇಳಿ ರೂಢಿ ಮಾಡ್ಕೊಂಡಿದೀನಿ. ಜೋರಾಗಿ ಹೇಳಲ್ಲ, ಮೆತ್ತಗೇ ಹೇಳ್ತೀನಿ.

ಹಾಕಮ್ಮ, ಆ ಸರಳಿಗೆ ತೂಕ ಹಾಕು, ನೋಡೇಬಿಡೋಣ. ಎಷ್ಟು ದಿನ ಬೇಕಾಗುತ್ತೆ ಅಂತ ಲೆಕ್ಕ ಸಿಗುತ್ತೆ. ಮೊದಲು ಬರೀ ಸರಳಾ? ಸರಿ, ನಿನ್ನಿಷ್ಟ. ಪಾದ ಹೀಗಾ? ಬೆನ್ನು ನೆಟ್ಟಗೆ, ಕಾಲಿನ ಬಲದಲ್ಲಿ... ಹ್ಞಾ. ಇದೇನಮ್ಮ, ನಮ್ಮ ಕೊಪ್ಪರಿಗೆ ಮುಚ್ಚಳ ಇದಕ್ಕಿಂತ ಭಾರ. ಇನ್ನೂ ಹಾಕು.

ಅವಳಾ? ಅವಳೇನು ಪೈಲ್ವಾನ್ ಅಲ್ಲ. ಕಡ್ಡಿ. ಗಾಳಿ ಬಂದ್ರೆ ಹಾರಿಹೋಗೋ ಹಾಗಿದಾಳೆ. ದಿನವಿಡೀ ಸೂಜಿ ಹಿಡಿದು ಕೂತು ಬೆನ್ನೂ ಗೂನಾಗಿದೆ. ಹೇಗೆ ಎತ್ತುತ್ತಾಳೆ ಅಂದ್ರೆ... ಏನೋ ಒಂದು ಪಟ್ಟು ಗೊತ್ತಿರಬೇಕು. ಅದನ್ನೇ ನೀನು ಹೇಳಿಕೊಡು ಅಂತ ತಾನೇ ನಾನು ಬಂದಿರೋದು. ಹಾಕು, ಹಾಕು. ಹ್ಞಾ... ಆಯ್ತು. ಇಳಿಸೋದೂ ನಿಧಾನಕ್ಕೇನಾ? ಸರಿ.

ಇನ್ನೂ ಹಾಕು ಅಂದೆ. ಹೆದರಬೇಡ, ನನಗೇನೂ ಆಗಲ್ಲ. ಸರ್ಕಾರಿ ಹಾಸ್ಟೆಲ್ಲಲ್ಲಿ ಕೊಪ್ಪರಿಗೆ ಎತ್ತಿದ ಕೈ ಇದು. ಆಚೆ ಕಡೆ ಇನ್ನೊಬ್ಬರು ಹಿಡೀತಿದ್ರು, ಅದು ಬೇರೆ ಮಾತು. ಅವರಾ? ಐವತ್ತೆರಡು ಕೆಜಿ. ಆಸ್ಪತ್ರೇಲಿ ತೂಗಿದ್ರು. ಮೊದಲೆಲ್ಲ ಎಪ್ಪತ್ತು ದಾಟಿತ್ತು, ಈಗ ಬರೀ ಮೂಳೆ. ಇದು ಇನ್ನೂ ಅದರ ಅರ್ಧವೂ ಆಗಿರಲ್ಲ, ನನಗೆ ಗೊತ್ತು. ಅವರು ಕಲ್ಲು, ಕಲ್ಲು. ಹಾಕು. ಕಾಲು ಗಟ್ಟಿ... ಹೂಂ... ಹ್ಞಾ! ನೋಡಿದ್ಯಾ? ಮಂಡಿ ನಡುಗ್ತು ಸ್ವಲ್ಪ, ಆದ್ರೆ ಬಂತು. ಬಂತಲ್ಲ! ಎಷ್ಟಾಯ್ತು ಈಗ?

ಎಷ್ಟು ಅಂದೆ?

ತಮಾಷೆ ಮಾಡಬೇಡ. ಐವತ್ತೈದು ಹೇಗಾಗುತ್ತೆ? ಆ ತೂಕದ ಚಕ್ರದ ಮೇಲೆ ಬರೆದಿರೋದು ಓದು. ಇನ್ನೊಂದ್ಸಲ ಕೂಡಿಸು. ಸರಳಿಂದೂ ಸೇರಿಸಿದ್ಯಾ? ...ಸೇರಿಸಿ ಐವತ್ತೈದು. ಹಾಗಾದ್ರೆ ನಿಮ್ಮ ಕಬ್ಬಿಣ ಸುಳ್ಳು. ಇಲ್ಲ, ಆಸ್ಪತ್ರೆ ತಕ್ಕಡಿ ಸುಳ್ಳು. ಎರಡರಲ್ಲಿ ಒಂದು ಸುಳ್ಳಿರಲೇಬೇಕು. ನಿನ್ನೆ ಬೆಳಿಗ್ಗೆ ಅವಳು ಬರೋ ಮೊದಲು ನಾನೇ ಪ್ರಯತ್ನ ಮಾಡಿದೆ. ಹಲ್ಲು ಕಚ್ಚಿ ಎಳೆದೆ, ಒಂದು ಬೆರಳಗಲ ಮೇಲೆ ಬರಲಿಲ್ಲ.



ಕಬ್ಬಿಣ ಬೇರೆ, ಮನುಷ್ಯ ಬೇರೆ ಕಣಮ್ಮ. ಇದಕ್ಕೆ ಹಿಡಿಯೋಕೆ ಸರಳಿದೆ. ಮನುಷ್ಯನಿಗೆ ಎಲ್ಲಿ ಹಿಡೀತೀಯ? ಜಾರುತ್ತೆ, ವಾಲುತ್ತೆ... ಹೂಂ, ಅವಳಿಗೂ ಅದೇ ಮೈ ತಾನೇ ಅಂತೀಯ. ಅಂದಿಲ್ವಾ? ನಿನ್ನ ಕಣ್ಣು ಅಂತಿದೆ. ಆ ಕಡ್ಡಿಗೆ ಹೇಗೆ ಆಗುತ್ತೆ, ಐವತ್ತೈದು ಎತ್ತಿದ ನಿನಗ್ಯಾಕೆ ಆಗಲ್ಲ ಅಂತ ತಾನೇ?

ಹಾಗೆ ನೋಡಬೇಡ ಅಂದೆ.

ಅವಳು ಬಗ್ಗಿದ್ರೆ ಇವರ ಎಡಗೈ ಅವಳ ಕುತ್ತಿಗೆ ಸುತ್ತ ಹೋಗುತ್ತೆ. ಅವಳೇನೂ ಹೇಳಲ್ಲ, ತಾನಾಗೇ ಹೋಗುತ್ತೆ. ಅರ್ಧ ತಾವೇ ಏಳ್ತಾರೆ. ಅವಳು ಎತ್ತೋದೇ ಇಲ್ಲ, ಸುಮ್ಮನೆ ನಿಂತ್ಕೋತಾಳೆ. ನಾನು ಬಗ್ಗಿದ್ರೆ... ಅದೇ ಕೈ ಮಂಚದ ಕಂಬಿ ಹಿಡ್ಕೊಳ್ಳುತ್ತೆ. ಬಿಡಲ್ಲ. ಬೆರಳು ಒಂದೊಂದೇ ಬಿಡಿಸಿದೆ ನಿನ್ನೆ. ಬಿಡಿಸಿದ ಹಾಗೇ ಮತ್ತೆ ಹಿಡ್ಕೊಂಡ್ರು. ಕಣ್ಣು ಗೋಡೆ ಕಡೆ.

ಅದು ಕಾಯಿಲೆಗೆ ಹಾಗಾಗುತ್ತಂತೆ ಕೆಲವರಿಗೆ... ಕೈ ತಾನಾಗೇ ಬಿಗಿದುಕೊಳ್ಳುತ್ತಂತೆ... ಅಲ್ವಾ?

ಏನಾದ್ರೂ ಹೇಳು. ಬೆನ್ನು ಬಗ್ಗಿತ್ತು ಅನ್ನು. ಎತ್ತಿದ ರೀತಿ ಸರಿ ಇರಲಿಲ್ಲ ಅನ್ನು. ನಿನಗೆ ಶಕ್ತಿ ಸಾಲದು, ಇನ್ನೂ ಆರು ತಿಂಗಳು ಬೇಕು ಅಂತಾದ್ರೂ ಹೇಳಮ್ಮ.