ಬಿರುಕಿಗೊಂದು ದೇವರ ಪಟ

ಭಕ್ತರೇ, ಒಂದು ಊರು ಅಂತ ಇಟ್ಟುಕೊಳ್ಳಿ. ಊರು ಅಂದಮೇಲೆ ಒಬ್ಬ ಸಾಹುಕಾರ ಇರಬೇಕಲ್ಲ, ಇದ್ದ. ಅವನ ಸಾಹುಕಾರಿಕೆ ಏನು ಅಂದರೆ, ಪೇಟೆ ಬೀದೀಲಿ ಒಂದು ಮಹಡಿ ಮನೆ. ಅಷ್ಟೇ. ಅಡುಗೆಮನೆ ಕೆಳಗೆ, ಮಲಗೋ ಕೋಣೆ ಮೇಲೆ. ಹೆಂಡತಿಗೆ ಮೊಣಕಾಲು ನೋವು. ಪಾಪ, ಒಂದೊಂದು ಮೆಟ್ಟಿಲಿಗೂ ಒಂದೊಂದು ದೇವರನ್ನು ಕರೆಯೋಳು. ಮಗಳ ಬೀದೀಲಿ ಮೆಟ್ಟಿಲೇ ಇಲ್ಲದ ಚಿಕ್ಕ ಮನೆಯೊಂದು ಮಾರಾಟಕ್ಕಿತ್ತು. ಇದು ಒಳ್ಳೆ ಬೆಲೆಗೆ ಹೋದರೆ ಅದು ಸಿಗುತ್ತೆ. ಇಲ್ಲದಿದ್ದರೆ ಆಕೆಗೆ ಮೆಟ್ಟಿಲೇ ಗತಿ.

ಆದರೆ ಮನೆ ಹೇಗಿತ್ತು? ನಡುಮನೆ ಗೋಡೆ ಬಿರುಕು ಬಿಟ್ಟಿತ್ತು. ಬಚ್ಚಲ ಪಕ್ಕ ತೇವ. ತಾರಸಿ ಸೋರುತ್ತಿತ್ತು. ಹೆಂಡತಿ ಹೇಳಿದಳು, "ರೀ, ಗಾರೆಯವರನ್ನು ಕರೆಸಿ ಸರಿ ಮಾಡಿಸಿ. ಇಲ್ಲ, ಬಂದೋರಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಡಿ."

"ಸುಮ್ನಿರೇ, ವ್ಯಾಪಾರ ನಿನಗೇನು ಗೊತ್ತು" ಅಂದ.

ಹೋಗಿ ಚೌಕಟ್ಟು ಹಾಕಿದ ದೇವರ ಪಟಗಳನ್ನು ತಂದ. ಬಿರುಕಿಗೆ ಒಬ್ಬ ವೆಂಕಟರಮಣ. ತೇವಕ್ಕೆ ಒಬ್ಬಳು ಲಕ್ಷ್ಮಿ. ಗೆದ್ದಲು ತಿಂದ ಬಾಗಿಲಿಗೆ ಆಂಜನೇಯ. ದೇವರ ಪಟ ಎತ್ತಿ ಹಿಂದೆ ಏನಿದೆ ಅಂತ ನೋಡೋ ಧೈರ್ಯ ಯಾರಿಗಿದೆ, ಹೇಳಿ? ಮೇಲೆ ಥಳುಕು, ಒಳಗೆ ಹುಳುಕು ಅಂತಾರಲ್ಲ, ಇದೇ ಅದು.

ಕೊಳ್ಳೋರು ಬಂದರು. ಚಪ್ಪಲಿ ಬಿಟ್ಟರು, ಕೈ ಮುಗಿದರು, ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಕಾಫಿ ಕುಡಿಯದೆ ಎದ್ದು ಹೋದರು. ಆಮೇಲೆ ಬಂದೋರೂ ಹಾಗೇ. ಕೊನೆಗೆ ಒಬ್ಬ ಹೋಟೆಲಿನವನು ಬಂದು ಅರ್ಧ ಬೆಲೆ ಹೇಳಿದ. "ಯಾಕಪ್ಪಾ ಅರ್ಧ?" ಅಂತ ಕೇಳಿದರೆ ದನಿ ತಗ್ಗಿಸಿದ. "ಯಜಮಾನರೇ, ಬೀದಿಯೆಲ್ಲ ಮಾತಾಡ್ತಾ ಇದೆ. ಗೋಡೆಗೂ ದೇವರು, ಬಾಗಿಲಿಗೂ ದೇವರು, ಬಚ್ಚಲ ಪಕ್ಕವೂ ದೇವರು. ಇಷ್ಟು ಕಾವಲು ಬೇಕು ಅಂದ್ರೆ ಮನೇಲಿ ಏನೋ ಓಡಾಡ್ತಾ ಇರಬೇಕಲ್ಲ."

ಸಾಹುಕಾರ ಲೆಕ್ಕ ಹಾಕಿದ. ಬಿರುಕು ಬಿಟ್ಟ ಮನೆಗೆ ಒಂದು ಬೆಲೆ ಉಂಟು, ದೆವ್ವದ ಮನೆಗೆ ಏನುಂಟು? ಮೆಟ್ಟಿಲ ಮೇಲೆ ಕೂತು ಮೊಣಕಾಲು ಒತ್ತಿಕೊಳ್ಳುತ್ತಿದ್ದ ಹೆಂಡತಿಯನ್ನು ನೋಡಿದ. ತುಂಬ ನಾಚಿಕೆಯಾಯಿತು.

"ದೆವ್ವ ಇಲ್ಲ ಸ್ವಾಮಿ, ಇರೋದು ನನ್ನ ಬುದ್ಧಿ" ಅಂತ ಒಂದೊಂದೇ ಪಟ ಇಳಿಸಿದ. "ಇಲ್ಲಿ ಬಿರುಕು. ಇಲ್ಲಿ ತೇವ. ಇಲ್ಲಿ ಗೆದ್ದಲು. ಬನ್ನಿ ಮೇಲೆ, ಸೋರೋ ಜಾಗಾನೂ ತೋರಿಸ್ತೀನಿ."

ಹೋಟೆಲಿನವನು ಗೋಡೆ ತಟ್ಟಿ ನೋಡಿ ನಕ್ಕುಬಿಟ್ಟ. "ಇಷ್ಟೇನಾ? ಇದಕ್ಕೆ ಗಾರೆಯವನು ಸಾಕಲ್ಲ, ಮಂತ್ರವಾದಿ ಯಾಕೆ?" ಕೇಳಿದ ಬೆಲೇಲಿ ರಿಪೇರಿ ಖರ್ಚು ಮಾತ್ರ ಕಳೆದ. ಉಳಿದದ್ದಕ್ಕೆ ಒಂದು ಮಾತೂ ಚೌಕಾಸಿ ಮಾಡದೆ ಒಪ್ಪಿಕೊಂಡ. "ಸೋರೋದನ್ನೇ ತೋರಿಸಿದ ಮನುಷ್ಯ ಇನ್ನೇನು ಮುಚ್ಚಿಟ್ಟಾನು?" ಅಂದ. ಸಾಹುಕಾರನ ಹೆಂಡತಿ ಯುಗಾದಿಗೆ ಮಗಳ ಬೀದೀಲೇ, ಮೆಟ್ಟಿಲಿಲ್ಲದ ಆ ಮನೇಲಿ ಒಬ್ಬಟ್ಟು ತಟ್ಟಿದಳು.

ನಗ್ತಾ ಇದೀರಿ. ನಗಿ. ಆದರೆ ಕುಂಬಳಕಾಯಿ ಕಳ್ಳ ಅಂದ ಕೂಡಲೇ ಹಿಂದಿನ ಸಾಲಲ್ಲಿ ಒಂದಿಬ್ಬರು ಹೆಗಲು ಮುಟ್ಟಿ ನೋಡಿಕೊಂಡರು, ನನಗೆ ಕಾಣಿಸ್ತು. ಒಳಗೆಲ್ಲ ಹೊಟ್ಟೆಕಿಚ್ಚು, ಹಣೆ ತುಂಬ ವಿಭೂತಿ. ಮನೇಲಿ ಅಣ್ಣತಮ್ಮಂದಿರಿಗೆ ಮಾತಿಲ್ಲ, ಇಲ್ಲಿ ಗುಡೀಲಿ ಇಬ್ಬರೂ ಮುಂದಿನ ಸಾಲಲ್ಲಿ ಭಜನೆ. ದೇವರು ಇರೋದು ನಮ್ಮ ಬಿರುಕು ಮುಚ್ಚೋದಕ್ಕಾ? ನೋಡಿ, ನೀವು ಮುಚ್ಚಿದ್ದನ್ನು ಜನ ತೆರೆದು ನೋಡೋದಿಲ್ಲ. ಊಹೆ ಮಾಡ್ತಾರೆ. ಆ ಊಹೆ ಯಾವತ್ತೂ ಬಿರುಕಿಗಿಂತ ದೊಡ್ಡದು.

ಹಾಗಾದರೆ ಏನು ಮಾಡಬೇಕು? ಹೆಣ್ಣು ಕೇಳೋಕೆ ಹೋಗೋರು ಹುಡುಗನ ಸಂಬಳದ ಜೊತೆ ಅವನ ಸಿಟ್ಟನ್ನೂ ಹೇಳಿ. ತರಕಾರಿ ಮಾರೋರು ಬಾಡಿದ ಬದನೆಕಾಯಿಯನ್ನು ಚೀಲದ ತಳಕ್ಕೆ ತುಂಬಬೇಡಿ, ಪಕ್ಕಕ್ಕಿಟ್ಟು ಕಡಿಮೆಗೆ ಕೊಡಿ. ಇವತ್ತು ಮನೆಗೆ ಹೋದಮೇಲೆ, ಹೆಂಡತಿ ಕೇಳೋ ಮೊದಲೇ ಮುಚ್ಚಿಟ್ಟಿದ್ದನ್ನು ಹೇಳಿ "ತಪ್ಪಾಯ್ತು ಕಣೇ" ಅನ್ನಿ. ಬೈತಾಳೆ. ಬೈಸಿಕೊಳ್ಳಿ. ಬೈಗುಳ ಊಟದ ಹೊತ್ತಿಗೆ ಮುಗಿಯುತ್ತೆ, ಅನುಮಾನ ಜನ್ಮವಿಡೀ ಮುಗಿಯೋದಿಲ್ಲ.